ಮಾವನವರನ್ನು ಕೂಗಿ ಇಳಿಸಿದ್ದು

ನಾನು ಅಳಿಯನಾಗಿ ಮೂರು ವರ್ಷವಾಗಿದ್ದರೂ ಆ ಮನೆಯಲ್ಲಿ ಯಾರೂ ನನ್ನ ಒಂದು ತಪ್ಪನ್ನೂ ಎತ್ತಿ ಆಡಿರಲಿಲ್ಲ. ನಮ್ಮ ಕಡೆ ಅಳಿಯನೆಂದರೆ ಹಾಗೇ. ಪಲ್ಯ ಬಾಯಿಗಿಟ್ಟು ನಾನು ಮುಖ ಸಿಂಡರಿಸಿದರೆ ಬೇರೆ ಪಲ್ಯ ಬರುತ್ತಿತ್ತು. ತಡಮಾಡಿ ಹೋದರೆ ಉಳಿದವರೆಲ್ಲ ಹಸಿದುಕೊಂಡು ಕಾಯುತ್ತಿದ್ದರು. ಅದೆಲ್ಲ ನನ್ನ ಯೋಗ್ಯತೆಗೆ ಸಿಗುತ್ತಿರುವ ಮರ್ಯಾದೆ ಎಂದು ಆಗ ನಿಜವಾಗಿಯೂ ನಂಬಿದ್ದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಬೈರಿದೇವರಕೊಪ್ಪದಲ್ಲಿ ನಮ್ಮದು ಬಾಡಿಗೆ ಮನೆ. ನನ್ನ ಬಳಿ ದಪ್ಪ ಟೈರಿನ ಗೇರ್ ಸೈಕಲ್ಲಿತ್ತು, ಅದರ ಮೇಲೆ ಗುಡ್ಡ ಇಳಿಯುವ ಹುಚ್ಚೂ ಇತ್ತು. ಭಾನುವಾರ ಬೆಳಿಗ್ಗೆ ಕುರಿಗಳು ತುಳಿದು ಮಾಡಿದ ದಾರಿ ಹುಡುಕಿಕೊಂಡು ಮೇಲೆ ಹತ್ತುವುದು, ಹಲ್ಲು ಕಚ್ಚಿ ಕೆಳಗಿಳಿಯುವುದು. ಶಿವರಾತ್ರಿ ಮುಗಿದು ಹೋಳಿಹುಣ್ಣಿಮೆ ಬರುವವರೆಗಿನ ದಿನಗಳು ಇದಕ್ಕೆ ಹೇಳಿ ಮಾಡಿಸಿದಂತಿರುತ್ತವೆ. ಬೆಳಗಿನ ತಂಪು ಇನ್ನೂ ಉಳಿದಿರುತ್ತದೆ, ಮುತ್ತುಗ ಹೂಬಿಟ್ಟು ಗುಡ್ಡ ಅಲ್ಲಲ್ಲಿ ಕೆಂಪಾಗಿರುತ್ತದೆ, ಹುಲ್ಲು ಒಣಗಿ ದಾರಿ ಸ್ಪಷ್ಟವಾಗಿ ಕಾಣುತ್ತದೆ. ತೊಂದರೆಯೆಲ್ಲ ಗರಸಿನದು. ತಿಂಗಳುಗಟ್ಟಲೆ ಮಳೆಯಿಲ್ಲದೆ ಸಡಿಲಾದ, ಸಣ್ಣ ಕಲ್ಲು ಬೆರೆತ ಕೆಂಪು ಗರಸು, ಮೇಲೆ ಉದುರಿದ ಎಲೆ. ಜೋಳ ಚೆಲ್ಲಿದ ನೆಲದ ಹಾಗೆ ಜಾರುತ್ತದೆ. ಅಲ್ಲಿ ಮುಂದಿನ ಬ್ರೇಕನ್ನೇ ಒತ್ತಿದವನು ತಲೆಕೆಳಗಾಗುತ್ತಾನೆ. ಹಿಂದಿನ ಬ್ರೇಕನ್ನು ನಂಬಿಕೊಂಡೇ ಇಳಿಯಬೇಕು.

ನನ್ನ ಸೈಕಲ್ಲಿನ ಹಿಂದಿನ ಬ್ರೇಕಿನ ತಂತಿ ಎಳೆ ಬಿಚ್ಚಿಕೊಂಡು ತಿಂಗಳಾಗಿತ್ತು. ಇವತ್ತು ನಾಳೆ ಎಂದು ತಳ್ಳುತ್ತಿದ್ದೆ. ಕಾಲು ನೆಲಕ್ಕೆ ಊರಿ ಹೇಗೋ ನಿಭಾಯಿಸುವುದು ರೂಢಿಯಾಗಿತ್ತು, ಅದನ್ನೇ ಜಾಣತನ ಎಂದುಕೊಂಡಿದ್ದೆ.

ಮಾವನವರು ಗರಗದಲ್ಲಿ ಗಣಿತದ ಮಾಸ್ತರರಾಗಿದ್ದವರು. ಆ ವರ್ಷವಷ್ಟೇ ನಿವೃತ್ತರಾಗಿ ಸತ್ತೂರಿನ ಮನೆಯಲ್ಲಿದ್ದರು. “ಅಪ್ಪನ್ನೂ ಒಮ್ಮಿ ಗುಡ್ಡಕ್ಕ ಕರಕೊಂಡ ಹೋಗ್ರಿ. ಕುಂತ ಕುಂತ ಬ್ಯಾಸರಾಗೇತಿ ಅವಗ” ಎಂದಳು ಹೆಂಡತಿ. ಒಬ್ಬನೇ ಹೋಗುವ ಸುಖ ತಪ್ಪಿತಲ್ಲ ಎಂದು ಗೊಣಗುತ್ತಲೇ ಒಂದು ಭಾನುವಾರ ಸತ್ತೂರಿಗೆ ಹೋದೆ.

ಅವರು ತಮ್ಮ ಕರಿ ಸೈಕಲ್ಲು ಒರೆಸಿಕೊಂಡು ಅಂಗಳದಲ್ಲಿ ಸಿದ್ಧರಾಗಿದ್ದರು. ನನ್ನ ಸೈಕಲ್ಲಿನ ಸುತ್ತ ಒಂದು ಸುತ್ತು ಹಾಕಿದರು, ಬ್ರೇಕು ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು.

“ಅಳಿಯಾರ, ನಿಮ್ಮ ಗೇರ್ ಸೈಕಲ್ ಒಮ್ಮಿ ಹೊಡೀಬೇಕಂತ ಭಾಳ ದಿನದ ಆಸೆ ಐತ್ರಿ. ಇವತ್ತೊಂದಿನ ನೀವು ನಂದು ತಗೋರಿ.”

ನನಗೆ ಸಿಟ್ಟು ನೆತ್ತಿಗೇರಿತು. ಈ ವಯಸ್ಸಿನಲ್ಲಿ ಇವರಿಗೆಂಥ ಆಸೆ! ಎಮ್ಮೆಯಷ್ಟು ಭಾರದ ಆ ಕರಿ ಸೈಕಲ್ಲಿನ ಮೇಲೆ ನಾನು ಗುಡ್ಡ ಇಳಿಯಬೇಕೇ? ಆದರೆ ಬಾಯಿಬಿಟ್ಟು ಕೇಳಿದ ಮಾವನಿಗೆ ಇಲ್ಲ ಎನ್ನುವುದಾದರೂ ಹೇಗೆ? ಕೊಟ್ಟೆ. ಬ್ರೇಕಿನ ವಿಷಯ ಹೇಳಲಿಲ್ಲ. ನೆನಪಾಗಲಿಲ್ಲ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ನೆನಪಾಗಿತ್ತು. ಗೇರ್ ಸೈಕಲ್ಲು ಬೇಕಲ್ಲ, ಹೊಡೆಯಲಿ ಎಂದುಕೊಂಡಿದ್ದೆ.

ಗುಡ್ಡದ ನೆತ್ತಿಯಿಂದ ನಾನೇ ಮೊದಲು ಇಳಿದೆ. ಆ ಹಳೆಯ ಸೈಕಲ್ಲು ಗಡಗಡ ಸದ್ದು ಮಾಡಿತೇ ಹೊರತು ಒಮ್ಮೆಯೂ ಮೋಸ ಮಾಡಲಿಲ್ಲ. ಬ್ರೇಕು ಒತ್ತಿದಲ್ಲಿ ನಿಲ್ಲುತ್ತಿತ್ತು. ಕೆಳಗೆ ಬಂದು ತಿರುಗಿ ನೋಡಿದರೆ ಮಾವನವರು ಸೈಕಲ್ಲನ್ನು ಕೈಯಲ್ಲಿ ಹಿಡಿದು ಹೆಜ್ಜೆ ಮೇಲೆ ಹೆಜ್ಜೆ ಇಡುತ್ತ ನಡೆದೇ ಬರುತ್ತಿದ್ದರು. ಬೆಳಗಿನಿಂದ ಅದುಮಿಟ್ಟಿದ್ದ ಸಿಟ್ಟು ನಗೆಯಾಗಿ ಹೊರಬಿತ್ತು.

“ಏನ್ರಿ ಮಾವಾರ, ಗೇರ್ ಸೈಕಲ್ ಇಸಕೊಂಡು ನಡಕೋತ ಬರೂದೇನ್ರಿ? ಹತ್ರಿ, ಹತ್ರಿ! ಅಂಜಿದ್ರೇನು?”

ಅವರು ನಿಂತರು. ಸ್ವಲ್ಪ ಹೊತ್ತು ಕೆಳಗೆ ನೋಡಿದರು. ಆಮೇಲೆ ಹತ್ತಿ ಕುಳಿತರು.

ಅರ್ಧ ದಾರಿಯವರೆಗೂ ಚೆನ್ನಾಗಿಯೇ ಬಂದರು. ತಿರುವಿನಲ್ಲಿ ಹಿಂದಿನ ಗಾಲಿ ಹಿಡಿತ ತಪ್ಪಿದ್ದು, ಅವರ ಕೈ ಮುಂದಿನ ಬ್ರೇಕನ್ನು ಅಮುಕಿದ್ದು, ಬಿಳಿ ಅಂಗಿ ಒಮ್ಮೆ ಮೇಲೆದ್ದು ಗರಸಿನ ಮೇಲೆ ಬಿದ್ದದ್ದು, ಎಲ್ಲ ಕೆಳಗಿನಿಂದ ಕಂಡಿತು. ನಾನು ಓಡಿ ಹೋಗುವಷ್ಟರಲ್ಲಿ ಅವರು ಎದ್ದು ಕುಳಿತಿದ್ದರು. ಬಲಗೈ ಮಣಿಕಟ್ಟು ಕಣ್ಣೆದುರೇ ಊದುತ್ತಿತ್ತು. ಪಕ್ಕದಲ್ಲಿ ಸೈಕಲ್ಲು ಬಿದ್ದಿತ್ತು, ಹಿಂದಿನ ಬ್ರೇಕಿನ ತಂತಿ ಹರಿದು ಜೋತಾಡುತ್ತಿತ್ತು.

ರಸ್ತೆಯಲ್ಲಿ ಸಿಕ್ಕ ಟೆಂಪೋದವರು ಆಸ್ಪತ್ರೆಗೆ ಮುಟ್ಟಿಸಿದರು. ಮಧ್ಯಾಹ್ನ ಹೆಂಡತಿ ಓಡಿಬಂದಾಗ, ಏನಾಯಿತೆಂದು ಹೇಳಲು ನಾನು ಬಾಯಿ ತೆರೆಯುವ ಮೊದಲೇ ಮಾವನವರು ಶುರು ಮಾಡಿದರು. “ನಂದ ತಪ್ಪವ್ವಾ. ಅಳಿಯಾರು ಬ್ಯಾಡ ಬ್ಯಾಡ ಅಂದ್ರು. ನಾನ ಹಟಾ ಮಾಡಿ ಇಳದೆ.”

ನಾನು ತೆರೆದ ಬಾಯಿ ಮುಚ್ಚಿಕೊಂಡೆ.

ಕೈಗೆ ಹಾಕಿದ ಪ್ಲಾಸ್ಟರು ಒಂದೂವರೆ ತಿಂಗಳಿತ್ತು. ಅತ್ತೆಯವರ ನೆರವಿಗೆಂದು ಹೆಂಡತಿ ಸತ್ತೂರಿನಲ್ಲೇ ಉಳಿದಳು. ನಾನು ರಜೆಯ ದಿನ ಹೋಗುತ್ತಿದ್ದೆ. ಊಟಕ್ಕೆ ಕೂತರೆ ಅವಳು ಅಪ್ಪನಿಗೆ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ತಿನ್ನಿಸುತ್ತ ಬೈಯುತ್ತಿದ್ದಳು. “ಅರವತ್ತಕ್ಕ ಬಂದೀದಿ, ಹುಡುಗರ ಹಂಗ ಹಟಾ ಮಾಡಾಕ ನಾಚಿಕಿ ಬರೂದಿಲ್ಲನಪಾ ನಿನಗ? ಅವರು ಬ್ಯಾಡ ಅಂದ್ರೂ ಕೇಳಲಿಲ್ಲಲಾ.” ಮಾವನವರು ತಲೆ ತಗ್ಗಿಸಿಕೊಂಡು ತಿನ್ನುತ್ತಿದ್ದರು. ಎದುರಿಗೆ ಕೂತ ನನ್ನ ತಾಟಿಗೆ ಮೊದಲಿನಂತೆಯೇ ಕೆನೆಮೊಸರು ಬೀಳುತ್ತಿತ್ತು. ಅದನ್ನೂ ಉಣ್ಣುತ್ತಿದ್ದೆ. ಅಂಥ ಹೇಡಿಯಾಗಿದ್ದೆ ನಾನು.

ಪ್ಲಾಸ್ಟರು ತೆಗೆದ ಮಾರನೆಯ ದಿನ ಪಡಸಾಲೆಯಲ್ಲಿ ನಾವಿಬ್ಬರೇ ಕೂತಿದ್ದೆವು. ಅವರು ಸೊರಗಿದ ಬೆರಳುಗಳನ್ನು ಮಡಚಿ ಬಿಚ್ಚಿ ನೋಡುತ್ತಿದ್ದರು. ಇನ್ನು ತಡೆಯಲಾಗಲಿಲ್ಲ.

“ಮಾವಾರ, ಬ್ರೇಕ್ ಕೆಟ್ಟಿದ್ದು ನಿಮಗ ಅಂಗಳದಾಗ ಗೊತ್ತಾಗಿತ್ತಲ್ರಿ?”

“ಗೊತ್ತಾಗಿತ್ರಿ.”

“ಮತ್ತ್ ಹೇಳಬೇಕಿಲ್ಲೇನ್ರಿ?”

ಅವರು ಬೆರಳು ಮಡಚುವುದನ್ನು ನಿಲ್ಲಿಸಿದರು. “ಅಳಿಯಾರಿಗೆ ನಿಮ್ಮ ಸಾಮಾನು ನೆಟ್ಟಗಿಲ್ಲ ಅಂತ ಹ್ಯಾಂಗ ಹೇಳ್ಲಿ? ಹೇಳಿದ್ರೂ ನೀವು ಕೇಳವ್ರಲ್ಲ, ಅದರ ಮ್ಯಾಲನ ಇಳೀತಿದ್ರಿ. ಅದಕ್ಕ ಆಸೆ ಅಂತ ಸುಳ್ಳು ಹೇಳಿ ಇಸಕೊಂಡೆ. ಇಳಿಯೂದು ನಡಕೋತ ಇಳದ್ರಾತು ಅಂದಿದ್ದೆ.”

ತಿರುಗಿದರೆ ಚಹಾ ಹಿಡಿದುಕೊಂಡು ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಮಾವನವರು ಬೇಡವೆಂದು ಕಣ್ಣಲ್ಲೇ ಸನ್ನೆ ಮಾಡಿದರು. ಈ ಸಲ ನಾನು ಬಾಯಿ ಮುಚ್ಚಿಕೊಳ್ಳಲಿಲ್ಲ. “ಅವರು ನಡಕೋತ ಬರಾಕತ್ತಿದ್ರು. ನಾನ ನಕ್ಕು, ಕೂಗಿ ಹತ್ತಿಸಿದೆ. ಬ್ರೇಕ್ ಇಲ್ಲ ಅನ್ನೂದೂ ನನಗ ಗೊತ್ತಿತ್ತು” ಎಂದೆ.

ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ನನ್ನ ಕಡೆ ನೋಡಲೇ ಇಲ್ಲ. ಚಹಾ ಕೆಳಗಿಟ್ಟು ಅಪ್ಪನ ಮುಂದೆ ನೆಲದ ಮೇಲೆ ಕೂತಳು. ಆ ಕೈಯನ್ನು ತನ್ನೆರಡೂ ಕೈಯಲ್ಲಿ ತೆಗೆದುಕೊಂಡಳು.

“ಒಂದೂವರಿ ತಿಂಗಳ ದಿನಾ ಬೈದ್ನಲ್ಲಪಾ ನಿನಗ” ಎಂದು ಅಳತೊಡಗಿದಳು.