ಹಸಿರು ಪರದೆಯ ಸಿಳ್ಳೆ

ನಾನು ಪುಕ್ಕಲು ಹೆಣ್ಣಲ್ಲ. ಇಳಕಲ್ಲಿನಲ್ಲಿ ಅಣ್ಣತಮ್ಮಂದಿರ ದಂಡಿನ ನಡುವೆ ಬಾಯಿ ಮಾಡಿಯೇ ನನ್ನ ಪಾಲಿನ ರೊಟ್ಟಿ ಕಿತ್ತುಕೊಂಡು ತಿಂದು ಬೆಳೆದವಳು. ಆದರೆ ಎಂಬತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ, ಬಾಗಲಕೋಟೆಯ ವಿದ್ಯಾಗಿರಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ, ಒಂದು ಕಂಪ್ಯೂಟರಿನ ಹಸಿರು ಪರದೆಗೆ ಹೆದರಿದಷ್ಟು ನಾನು ಇನ್ನಾವುದಕ್ಕೂ ಹೆದರಿಲ್ಲ.

ಆಗ ನನಗೆ ಆರು ತಿಂಗಳು. ಅದಕ್ಕೂ ಮುಂಚೆ ಎರಡು ಸಲ ಬಸಿರಾಗಿದ್ದೆ, ಎರಡೂ ನಿಲ್ಲಲಿಲ್ಲ. ಎರಡು ಸಲವೂ ನಮ್ಮವ್ವ ಸೀಮಂತದ ಕುಬಸಕ್ಕೆಂದು ನೇಕಾರರ ಮನೆಯಲ್ಲಿ ಹಸಿರು ಸೀರೆಗೆ ಹೇಳಿಟ್ಟಿದ್ದಳು, ಎರಡು ಸಲವೂ ಹೋಗಿ ಬೇಡ ಅಂದು ಬಂದಿದ್ದಳು. ಮೂರನೆಯ ಸಲ ಸೀರೆಯ ಮಾತನ್ನೇ ಯಾರೂ ಎತ್ತಲಿಲ್ಲ. ಹುನಗುಂದದ ಕಡೆಯ ಹಳ್ಳಿಯಿಂದ ಅತ್ತೆ ಮಾತ್ರ ಬಟ್ಟೆಯ ಗಂಟು ಹಿಡಿದು ಬಂದು ನಮ್ಮ ಬಾಡಿಗೆ ಮನೆಯಲ್ಲಿ ಕೂತುಬಿಟ್ಟರು. ಈ ಕೂಸು ಕೈಗೆ ಬರುವ ತನಕ ಊರಿನ ಕಡೆ ಮುಖ ಮಾಡುವುದಿಲ್ಲ ಎಂದು ಹಟ.

ನಮ್ಮ ಕಾಲೇಜಿಗೆ ಕಂಪ್ಯೂಟರುಗಳು ಬಂದು ವರ್ಷವಾಗಿತ್ತಷ್ಟೆ. ಅವುಗಳಿಗೆ ತಣ್ಣನೆಯ ಕೋಣೆ, ಪರದೆಗಳಿಗೆ ಹೊಲಿಸಿದ ಗವಸು, ಒಳಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕು. ದೇವರ ಕೋಣೆಗೂ ನಮ್ಮ ಹುಡುಗರು ಇಷ್ಟು ಮಡಿ ಮಾಡುತ್ತಿರಲಿಲ್ಲ. ನನ್ನ ಪಾಲಿಗೆ ಬಂದದ್ದು ಗ್ರಾಫಿಕ್ಸ್ ಪ್ರಯೋಗಗಳು.

ಆ ಪರದೆ ಎರಡು ಮೋಡಿನಲ್ಲಿ, ಅಂದರೆ ಎರಡು ಬಗೆಯಲ್ಲಿ, ಕೆಲಸ ಮಾಡುತ್ತಿತ್ತು. ಟೆಕ್ಸ್ಟ್ ಮೋಡಿನಲ್ಲಿ ಬರೀ ಅಕ್ಷರ. ಸಾಲು ಸಾಲಾಗಿ ಅಕ್ಷರ ಕೂಡಿಸಬಹುದೇ ಹೊರತು ಒಂದು ಓರೆ ಗೆರೆ ಎಳೆಯುವ ಹಾಗಿಲ್ಲ. ಗ್ರಾಫಿಕ್ಸ್ ಮೋಡಿನಲ್ಲಿ ಪರದೆಯೆಲ್ಲ ಚುಕ್ಕಿ. ರಂಗೋಲಿಯ ಹಾಗೆ ಚುಕ್ಕಿ ಕೂಡಿಸಿ ಬೇಕಾದ್ದು ಬರೆಯಬಹುದು, ಆದರೆ ಒಂದು ಅಕ್ಷರ ಬೇಕೆಂದರೂ ಚುಕ್ಕಿ ಇಟ್ಟೇ ಬರೆಯಬೇಕು. ನಾನು ಹುಡುಗರಿಗೆ ತೋರಿಸಬೇಕಾದದ್ದು ಒಂದೇ ಪರದೆಯ ಮೇಲೆ ಎರಡು ವಿಂಡೋ: ಎಡಗಡೆಯ ಚೌಕದಲ್ಲಿ ಏರಿಳಿಯುವ ಒಂದು ರೇಖೆ, ಬಲಗಡೆಯ ಚೌಕದಲ್ಲಿ ಆ ರೇಖೆಯ ಅಂಕಿಗಳು. ಗ್ರಾಫಿಕ್ಸ್ ಮೋಡಿಗೆ ಹೋಗದೆ ಗತಿಯಿಲ್ಲ. ನಮ್ಮಲ್ಲಿದ್ದ ಸಾಫ್ಟ್‌ವೇರಿಗೋ ಬಣ್ಣದ ಪರದೆ ಮಾತ್ರ ಗೊತ್ತು, ನಮ್ಮ ಹಸಿರು ಪರದೆ ಕಂಡರೆ ಕೈಚೆಲ್ಲಿ ಕೂರುತ್ತಿತ್ತು. ಹಾಗಾಗಿ ಸಾಲು ಎಷ್ಟು ಅಗಲ, ಸಾಲು ಎಷ್ಟು, ಎಲ್ಲಿ ನಿಲ್ಲಬೇಕು ಎಂದು ಹೇಳುವ ಒಂದಿಷ್ಟು ಅಂಕಿಗಳನ್ನು ನಾವೇ ಪ್ರೋಗ್ರಾಮಿನಲ್ಲಿ ಬರೆದು ನೇರವಾಗಿ ಯಂತ್ರದೊಳಗೆ ಕಳಿಸಬೇಕು.

ಆ ಅಂಕಿ ತಪ್ಪಿದರೆ ಏನಾಗುತ್ತದೆ ಎಂದು ಹುಬ್ಬಳ್ಳಿಯ ತರಬೇತಿಯಲ್ಲಿ ನಮಗೆ ಹೇಳಿಕೊಟ್ಟವರು ಹೇಳಿಯೇ ಕಳಿಸಿದ್ದರು. ಪರದೆ ತನ್ನ ಶಕ್ತಿ ಮೀರಿ ಎಳೆದಾಡಿ ಸಣ್ಣಗೆ ಸಿಳ್ಳೆ ಹಾಕುತ್ತದೆ. ಸಿಳ್ಳೆ ಕೇಳಿದ ಕೂಡಲೇ ಸ್ವಿಚ್ ತೆಗೆಯದಿದ್ದರೆ ಒಳಗೆ ಸುಟ್ಟು ಹೋಗುತ್ತದೆ.

ಸುಟ್ಟರೆ ಸುಡಲಿ, ಪರದೆಯ ಚಿಂತೆ ನನಗಿರಲಿಲ್ಲ. ನನ್ನ ಚಿಂತೆ ಬೇರೆ. ಆ ದಿನಗಳಲ್ಲಿ ಎಲ್ಲೆಲ್ಲೂ ಒಂದು ಮಾತು ಓಡಾಡುತ್ತಿತ್ತು: ಕಂಪ್ಯೂಟರ್ ಪರದೆಯಿಂದ ಕಿರಣ ಬರುತ್ತವಂತೆ, ಬಸುರಿಯರಿಗೆ ಆಗಿಬರುವುದಿಲ್ಲವಂತೆ, ಗರ್ಭ ನಿಲ್ಲುವುದಿಲ್ಲವಂತೆ. ಯಾರು ಹೇಳಿದರು, ಎಲ್ಲಿ ಓದಿದರು, ಯಾರಿಗೂ ಗೊತ್ತಿಲ್ಲ. ಆದರೆ ನನಗೆ ಗೊತ್ತಿದ್ದದ್ದು ಒಂದಿತ್ತು. ಎರಡನೆಯದು ಹೋದದ್ದು ಹುಬ್ಬಳ್ಳಿಯ ತರಬೇತಿಯಿಂದ ಬಂದ ಮೇಲೆ. ಅಲ್ಲಿ ಹಗಲೆಲ್ಲ ಪರದೆಯ ಮುಂದೆ ಕೂತಿದ್ದೆ. ಮೊದಲನೆಯದು ಹೋದಾಗ ನಾನು ಕಂಪ್ಯೂಟರನ್ನು ಕಣ್ಣಿಂದಲೂ ಕಂಡಿರಲಿಲ್ಲ ಎಂಬುದು ನೆನಪಾದರೂ ಮನಸ್ಸು ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ.

ಅಂಜಿದವರ ಮೇಲೆ ಕಪ್ಪೆ ಎಸೆದರು ಅನ್ನುವ ಹಾಗೆ, ಆ ಮಾತು ಹೇಗೋ ಅತ್ತೆಯ ಕಿವಿಗೂ ಬಿತ್ತು.

"ಯವ್ವಾ, ಆ ಹಸರ ಬೆಳಕು ಕೂಸಿಗೆ ಬಡೀತೈತಂತ. ಸಾಲಿಗೆ ಹೋಗು, ಪಾಠ ಹೇಳು, ನಾ ಬ್ಯಾಡನ್ನಂಗಿಲ್ಲ. ಆ ಡಬ್ಬಿ ಮುಂದ ಮಾತ್ರ ಕುಂಡ್ರಬ್ಯಾಡ," ಅಂದರು.

"ಇಲ್ರಿ ಅತ್ತಿ. ಈಗ ನಂದು ಬರೇ ಬೋರ್ಡಿನ ಮ್ಯಾಲಿನ ಪಾಠ ಐತ್ರಿ," ಅಂದೆ.

ಹಸಿ ಸುಳ್ಳು. ಬೇರೆ ಕೆಲಸ ಕೊಡಿ ಎಂದು ಕೇಳಬಹುದಿತ್ತಲ್ಲ ಎನ್ನುತ್ತೀರಿ. ಯಾರನ್ನು ಕೇಳಲಿ? ನನ್ನದು ಇನ್ನೂ ಕಾಯಂ ಆಗದ ನೌಕರಿ. ಹಿಂದಿನ ವರ್ಷ ಬಾಣಂತನದ ರಜೆ ಕೇಳಿದ ಇನ್ನೊಬ್ಬಾಕೆಯ ಬೆನ್ನ ಹಿಂದೆ ನಮ್ಮ ವಿಭಾಗದ ಮುಖ್ಯಸ್ಥರು, "ಹೆಣ್ಮಕ್ಕಳನ್ನ ತಗೊಂಡ್ರ ಇದ ಹಣೇಬರಾ ನೋಡ್ರಿ," ಎಂದು ನಮ್ಮೆದುರೇ ಹಲ್ಲು ಕಿರಿದಿದ್ದರು. ಅವರ ಬಾಯಿಗೆ ನಾನು ಎಲೆಅಡಿಕೆ ಆಗಲು ತಯಾರಿರಲಿಲ್ಲ.

ಅದಕ್ಕೆ ನಾನೇ ಒಂದು ಉಪಾಯ ಹೂಡಿದೆ. ಪ್ರೋಗ್ರಾಮನ್ನೆಲ್ಲ ಮನೆಯಲ್ಲಿ ಕಾಗದದ ಮೇಲೆ ಬರೆದುಕೊಂಡು ಹೋಗುವುದು. ಲ್ಯಾಬಿನಲ್ಲಿ ಪರದೆಯ ಬೆಳಕಿನ ಗುಂಡಿಯನ್ನು ಪೂರ್ತಿ ತಿರುಗಿಸಿ ಕತ್ತಲು ಮಾಡುವುದು. ಕುರ್ಚಿಯನ್ನು ಓರೆಯಾಗಿ ಹಾಕಿಕೊಂಡು, ಕಾಗದ ನೋಡುತ್ತ ಕುರುಡಾಗಿ ಟೈಪ್ ಮಾಡುವುದು. ಕೊನೆಗೆ ಒಂದು ಕ್ಷಣ ಬೆಳಕು ಏರಿಸಿ, ನೋಡಿ, ಮತ್ತೆ ಇಳಿಸುವುದು. ಬೆಳಕು ಕಾಣದಿದ್ದರೆ ಕಿರಣವೂ ಇಲ್ಲ ಎಂಬುದು ಎಂಜಿನಿಯರಿಂಗ್ ಓದಿದ ನನ್ನ ತಲೆಯ ಲೆಕ್ಕಾಚಾರ! ಹೆದರಿಕೆ ಹೊಕ್ಕ ಕಡೆ ವಿದ್ಯೆ ಚಾಪೆ ಸುತ್ತಿಕೊಂಡು ಹೊರಡುತ್ತದೆ.

ನನ್ನ ಜೊತೆ ಲ್ಯಾಬ್ ನೋಡಿಕೊಳ್ಳುತ್ತಿದ್ದ ಮೇಷ್ಟ್ರು ಒಳ್ಳೆಯ ಮನುಷ್ಯ, ಆದರೆ ಚಾಷ್ಟಿ ಮಾಡದಿದ್ದರೆ ಊಟ ಸೇರದು.

"ಮೇಡಮ್ಮಾರ, ಪರದಿ ಕತ್ತಲಿ ಮಾಡ್ಕೊಂಡು ಏನ ಹೊಡೀತೀರಿ? ಕಣ್ಣ ಮುಚ್ಚಿ ರೊಟ್ಟಿ ಬಡದಂಗಾತಲ್ರಿ!"

"ರೊಟ್ಟಿ ಬಡಿಯಾಕ ಕೈ ಬೇಕ್ರಿ ಸರ, ಕಣ್ಣಲ್ಲ. ಒಮ್ಮೆರ ಬಡದಿದ್ರ ಗೊತ್ತಿರ್ತಿತ್ತು ನಿಮಗ," ಅಂದೆ. ನಗುತ್ತ ತಮ್ಮ ಕುರ್ಚಿಗೆ ಹೋದರು.

ಅಂದು ಮಧ್ಯಾಹ್ನ ಹುಡುಗರು ಊಟಕ್ಕೆ ಹೋಗಿದ್ದರು. ಮೇಷ್ಟ್ರು ಕೋಣೆಯ ಆ ತುದಿಯಲ್ಲಿದ್ದರು. ನಾನು ಕತ್ತಲ ಪರದೆಯ ಮುಂದೆ ಮೋಡಿನ ಅಂಕಿಗಳನ್ನೆಲ್ಲ ಟೈಪ್ ಮಾಡಿ ಮುಗಿಸಿ, ಫ್ಲಾಪಿಯಲ್ಲಿ ಉಳಿಸಿ, ಪ್ರೋಗ್ರಾಮ್ ಓಡಿಸುವ ಕೀಲಿ ಒತ್ತಿದೆ.

ಸಿಳ್ಳೆ ಶುರುವಾಯಿತು. ಸಣ್ಣಗೆ, ಕಿವಿಯೊಳಗೆ ಸೂಜಿ ತೂರಿದ ಹಾಗೆ. ಸ್ವಿಚ್ ತೆಗೆಯಬೇಕೆಂದು ಗೊತ್ತು, ಸ್ವಿಚ್ ಎಲ್ಲಿದೆ ಎಂದೂ ಗೊತ್ತು. ಆದರೆ ಎರಡೂ ಕೈ ಹೊಟ್ಟೆಯ ಮೇಲೆ ಹೋಗಿ ಅಲ್ಲೇ ಕೂತವು. ಕುರ್ಚಿಯಲ್ಲೇ ತಿರುಗಿ, ಪರದೆಗೆ ಬೆನ್ನು ಕೊಟ್ಟು, ಹೊಟ್ಟೆಯನ್ನು ಮುಚ್ಚಿಕೊಂಡು ಬಗ್ಗಿಬಿಟ್ಟೆ. ಸಿಳ್ಳೆ ಬೆನ್ನ ಹಿಂದೆ ಹೊಡೆದುಕೊಳ್ಳುತ್ತಲೇ ಇತ್ತು. ಮೇಷ್ಟ್ರು ಓಡಿ ಬಂದು ಗೋಡೆಯ ಸ್ವಿಚ್ ತೆಗೆದರು.

ಸ್ವಲ್ಪ ಹೊತ್ತು ಬಿಟ್ಟು ಅವರೇ ಯಂತ್ರ ಹಚ್ಚಿ, ಬೆಳಕಿನ ಗುಂಡಿ ಏರಿಸಿ ನೋಡಿದರು. ಮೊದಲ ಅಂಕಿಯಲ್ಲೇ ಮೂರು ಐದು ಇರಬೇಕಾದಲ್ಲಿ ನಾನು ಐದು ಮೂರು ಒತ್ತಿದ್ದೆ. ಬೆಳಕು ಇದ್ದಿದ್ದರೆ ಒಂದನೇ ಇಯತ್ತೆಯ ಕೂಸೂ ಹಿಡಿಯುತ್ತಿದ್ದ ತಪ್ಪು. ತಿದ್ದಿ ಓಡಿಸಿದರು. ಎರಡು ಚೌಕಗಳು ಮೂಡಿದವು, ಎಡಕ್ಕೆ ರೇಖೆ, ಬಲಕ್ಕೆ ಅಂಕಿ. ಎಷ್ಟು ದಿನದಿಂದ ಅದಕ್ಕಾಗಿ ಜೀವ ತೇದಿದ್ದೆನೋ, ಅದು ಕಣ್ಣೆದುರಿಗೆ ಬಂದಾಗ ನೋಡುವ ಮನಸ್ಸೇ ಇರಲಿಲ್ಲ.

"ಏನೂ ಆಗಿಲ್ಲ ಬಿಡ್ರಿ, ಪರದಿ ಬದುಕೈತಿ. ನೀವ್ಯಾಕ ಹಿಂಗ ಕುಂತೀರಿ?" ಅಂದರು ಮೇಷ್ಟ್ರು.

ನಾನು ಒಳಗೆ ಕಿವಿಗೊಟ್ಟು ಕೂತಿದ್ದೆ. ದಿನಾ ಉಂಡ ಮೇಲೆ ಕೂಸು ಮಿಸುಕಾಡುತ್ತಿತ್ತು. ಊಟದ ಡಬ್ಬಿ ಬಿಚ್ಚಿ ಎರಡು ತುತ್ತು ತಿಂದೆ. ಇಲ್ಲ. ನೀರು ಕುಡಿದೆ. ಇಲ್ಲ. ಎದ್ದು ವರಾಂಡದಲ್ಲಿ ಓಡಾಡಿದೆ, ಹೊಟ್ಟೆಯನ್ನು ಮೆಲ್ಲಗೆ ತಟ್ಟಿದೆ, "ಒಮ್ಮೆ ಒದಿ, ನಮ್ಮವ್ವ, ಒಮ್ಮೆ ಒದಿ" ಎಂದು ಬಾಯಿಬಿಟ್ಟೇ ಬೇಡಿಕೊಂಡೆ. ಒಳಗೆ ಕಲ್ಲಿಟ್ಟಂತೆ ಸುಮ್ಮನಿತ್ತು. ನನ್ನ ಕೈಯಾರೆ ನಾನೇ ಕೊಂದೆ ಎಂದು ಅಲ್ಲೇ ಗೋಡೆ ಹಿಡಿದು ನಿಂತೆ.

ಮನೆಗೆ ಬಂದೆ. ಅತ್ತೆ ಜೋಳ ಹಸನು ಮಾಡುತ್ತ ಕೂತಿದ್ದರು. ಸುಳ್ಳು ಹೇಳಿದ್ದು, ಪರದೆ, ಸಿಳ್ಳೆ, ಎಲ್ಲವನ್ನೂ ಬಾಗಿಲಲ್ಲೇ ನಿಂತು ಹೇಳಿಬಿಟ್ಟೆ. "ಕೂಸು ಹೊಳ್ಳವಲ್ದು ಅತ್ತೀ" ಅಂದೆ.

ಬೈಗುಳಕ್ಕೆ ಕಾದು ನಿಂತೆ. ಅವರು ಮೊರ ಬದಿಗಿಟ್ಟು ಎದ್ದರು. ಬೆಲ್ಲದ ನೀರು ಕುಡಿಸಿದರು, ಎಡಮಗ್ಗುಲಾಗಿ ಮಲಗಿಸಿದರು, ಹೊಟ್ಟೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ಕೂತರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಆ ಮುಖದಲ್ಲಿ ಏನೂ ಮೂಡಲಿಲ್ಲ.

"ಏಳ ಯವ್ವಾ. ದವಾಖಾನಿಗೆ ಹೋಗೂಣು," ಅಂದರು.

ಗಂಡ ಹುನಗುಂದದ ಬ್ಯಾಂಕಿನಿಂದ ಬರಲು ಇನ್ನೂ ಹೊತ್ತಿತ್ತು. ಇಬ್ಬರೂ ಟಾಂಗಾ ಹಿಡಿದೆವು. ದಾರಿಯುದ್ದಕ್ಕೂ ಅತ್ತೆ ತುಟಿ ಪಿಟಕ್ಕೆನ್ನಲಿಲ್ಲ. ನನಗೆ ಆ ಮೌನ ತಡೆಯಲಾಗದೆ, "ಬೈರಿ ಅತ್ತಿ! ಏನರ ಅನ್ರಿ!" ಎಂದು ಚೀರಿದೆ. ಟಾಂಗಾದವನು ತಿರುಗಿ ನೋಡಿದ. ಅತ್ತೆ ನನ್ನ ಸೆರಗು ಸರಿಮಾಡಿದರು, ಅಷ್ಟೆ.

ದವಾಖಾನೆಯಲ್ಲಿ ನನ್ನ ಸಿಳ್ಳೆಯ ಕತೆಯನ್ನೆಲ್ಲ ಕೇಳಿಸಿಕೊಂಡ ಡಾಕ್ಟರ್ ಬಾಯಿಯವರು ಒಂದು ಪುಟ್ಟ ಕೊಳವೆಯನ್ನು ಹೊಟ್ಟೆಗೆ ಆನಿಸಿ ಕಿವಿ ಹಚ್ಚಿದರು. ಸರಿಸಿದರು. ಮತ್ತೆ ಹಚ್ಚಿದರು. ಇನ್ನೊಂದು ಕಡೆ ಸರಿಸಿದರು. ನಾನು ಉಸಿರು ಹಿಡಿದು, ಶಿವನೇ, ಈ ಸಲ ಬೇಡ, ಈ ಸಲ ಬೇಡ ಎನ್ನುತ್ತಿದ್ದೆ. ಆಮೇಲೆ ಅವರು ತಲೆ ಎತ್ತದೆಯೇ ನನ್ನ ಕೈ ಎಳೆದುಕೊಂಡು, ಮುಂಗೈಯ ಮೇಲೆ ಬೆರಳಿನಿಂದ ತಟ್ಟತೊಡಗಿದರು. ಟಕಟಕ, ಟಕಟಕ, ನನ್ನ ಎದೆಗಿಂತ ಜೋರಾಗಿ.

"ತಿಳೀತಿಲ್ಲೋ? ಹಿಂಗ ಬಡ್ಕೊಳ್ಳಾಕತ್ತೈತಿ ನಿಮ್ಮ ಕೂಸು," ಅಂದರು. "ಒಮ್ಮೊಮ್ಮೆ ಮಲಗಿರ್ತಾವ್ರಿ. ನಿಮ್ಮ ಸಿಳ್ಳಿ ಅದಕ್ಕೇನು ಗೊತ್ತು!"

ನನಗೆ ನಗು ಬರಬೇಕಿತ್ತು. ಬರಲಿಲ್ಲ. ವಾಪಸು ಟಾಂಗಾ ಹತ್ತಿದೆವು. "ಇದೇನೋ ಉಳೀತು. ಎರಡನೇದು ನಾ ಹುಬ್ಬಳ್ಳಿಗೆ ಹೋಗಿದ್ದಕ್ಕ ಹೋತ್ರಿ ಅತ್ತಿ. ಅದನ್ನ ನಾನ ಕೊಂದೆ," ಅಂದೆ. ಯಾರಿಗೂ ಹೇಳಿರದ ಮಾತು.

ಅತ್ತೆ ನನ್ನ ಕಡೆ ಹೊರಳಿ ಕೂತರು.

"ನಂದೂ ಎರಡು ಹೋಗಿದ್ವು," ಅಂದರು. "ನಿನ್ನ ಗಂಡಗ ಗೊತ್ತಿಲ್ಲ. ಆವಾಗ ನಮ್ಮೂರಾಗ ಲೈಟಿರಲಿಲ್ಲ, ಎಲ್ಲಿ ಪರದಿ, ಎಲ್ಲಿ ಕಿರಣ? ನಮ್ಮತ್ತಿ, ನೀ ಗ್ರಹಣದಾಗ ಈಳಿಗಿ ಹಿಡದಿದ್ದಿ, ಅದಕ್ಕ ಹೋದವು ಅಂದ್ಲು. ನಾ ಹಿಡದಿರಲಿಲ್ಲ, ಯವ್ವಾ. ಅಕಿ ಅಂದು ಅಂದು, ಹಿಡದಿರಬೇಕು ಅಂತ ನಾನೂ ನಂಬಿದೆ. ಇವತ್ತಿನ ತನಾ ನಂಬೇನಿ."

ಹಾಗೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅವರ ಎರಡಕ್ಕೂ ನನ್ನ ಎರಡಕ್ಕೂ ಅಲ್ಲಿಯ ತನಕ ಯಾರೂ ಕಣ್ಣೀರು ಹಾಕಿರಲಿಲ್ಲ, ಬರೀ ಕಾರಣ ಹುಡುಕಿದ್ದೆವು. ವಿದ್ಯಾಗಿರಿ ಬರುವ ತನಕ ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ಟಾಂಗಾದವನ ಎದುರೇ, ಆ ನಾಲ್ಕೂ ಕೂಸುಗಳಿಗಾಗಿ ಬಿಕ್ಕಿ ಬಿಕ್ಕಿ ಅತ್ತೆವು.