ಜಿಪ್ಪಕ್ಕ ಬಿಡಲು ಕಲಿತದ್ದು

ಜಿಪ್ಪಕ್ಕನಿಗೆ ಆ ಹೆಸರು ಬಂದದ್ದು ಜಿಪ್ಪುಗಳಿಂದಲೇ. ಸಮುದ್ರಕ್ಕಿಳಿಯುವವರು ಮೈಗಂಟಿದ ರಬ್ಬರ್ ಉಡುಪು ಹಾಕಿಕೊಳ್ಳುತ್ತಾರಲ್ಲ, ಅದರ ಬೆನ್ನಿಗೆ ಮೊಳದುದ್ದದ ಜಿಪ್ ಇರುತ್ತದೆ. ಉಪ್ಪುನೀರು ಕುಡಿದೂ ಕುಡಿದೂ ಅದು ಎರಡು ವರ್ಷಕ್ಕೆ ಕೈಕೊಡುತ್ತದೆ. ಅದನ್ನು ಬಿಚ್ಚಿ ಹೊಸದನ್ನು ಕೂರಿಸಿ ಗಟ್ಟಿಯಾಗಿ ಹೊಲಿಯುವ ಕೈ ಆ ದಂಡೆಯಲ್ಲಿ ಇದ್ದದ್ದು ಒಂದೇ. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದ ಅಂಗಡಿ ಹೀಗೆ ಜಿಪ್ಪಿಗೆ ಇಳಿಯಿತು, ಜಿಪ್ಪಿನಿಂದ ಕೈಟಿಗೆ ಜಾರಿತು.

ಕೈಟ್ ಅಂದರೆ ಮಕ್ಕಳು ಮಹಡಿ ಮೇಲೆ ಹಾರಿಸುವ ಗಾಳಿಪಟವಲ್ಲ. ಒಂದು ಕೋಣೆಯಷ್ಟು ಅಗಲದ ನೈಲಾನ್ ಬಟ್ಟೆ, ಅದರ ಅಂಚಿಗೆ ಗಾಳಿ ತುಂಬಿದ ಕೊಳವೆ, ಇಪ್ಪತ್ತು ಮೀಟರಿನ ನಾಲ್ಕು ದಾರ, ದಾರಗಳ ತುದಿಯಲ್ಲಿ ಹಿಡಿಯಲು ಒಂದು ಕೋಲು. ಆ ಕೋಲಿಗೆ ಬಾರ್ ಅನ್ನುತ್ತಾರೆ. ಕೈಟ್ ಮೇಲೆ ಎಳೆಯುತ್ತದೆ, ಮನುಷ್ಯ ಕಾಲಿಗೆ ಹಲಗೆ ಸಿಕ್ಕಿಸಿಕೊಂಡು ನೀರಿನ ಮೇಲೆ ಜಾರಿಕೊಂಡು ಹೋಗುತ್ತಾನೆ. ಆಟ ಇಷ್ಟೇ. ಇಷ್ಟಕ್ಕೇ ಜನ ರಜೆ ಹಾಕಿ, ಹೆಂಡಿರು ಮಕ್ಕಳ ಹತ್ತಿರ ಸುಳ್ಳು ಹೇಳಿ ಓಡಿ ಬರುತ್ತಾರೆ.

ಹನ್ನೆರಡು ವರ್ಷ ಜಿಪ್ಪಕ್ಕ ಇವರ ಕೈಟುಗಳನ್ನು ಹೊಲಿದಳು. ಎರಡು ಹಳೆಯ ಬಾಗಿಲುಗಳನ್ನು ಜೋಡಿಸಿ ಮಾಡಿದ ಮೇಜು, ಅದರ ಮೇಲೆ ಹರಡಿದ ಬಣ್ಣದ ಬಟ್ಟೆ, ಬಟ್ಟೆಯ ಮಡಿಕೆಯಿಂದ ಉದುರುವ ಮರಳು. ಮರಳು ಗುಡಿಸಿ ಗುಡಿಸಿ ಅವಳ ಪೊರಕೆಗಳು ಸವೆದವು. ಬಂದವರು ಹರಿದ ಕೈಟನ್ನು ಮೇಜಿನ ಮೇಲೆ ಎಸೆದು, ಮೂಗಿನ ತುದಿ ಕೆಂಪಾಗಿಸಿಕೊಂಡು, ಹಲ್ಲು ಕಿರಿಯುತ್ತ ನಿಲ್ಲುತ್ತಿದ್ದರು. ಇಷ್ಟು ದುಬಾರಿ ಬಟ್ಟೆ ಹರಿದುಕೊಂಡು ಬಂದವರಿಗೆ ಅಳು ಬರಬೇಕು, ಇವರಿಗೆ ನಗು! ಜಿಪ್ಪಕ್ಕನಿಗೆ ಮೊದಮೊದಲು ಆಶ್ಚರ್ಯವಾಯಿತು. ಆಮೇಲೆ ಸಿಟ್ಟು ಬಂತು. ಕೊನೆಗೆ ಅದು ಏನೆಂದು ಅವಳಿಗೇ ಗೊತ್ತಾಯಿತು, ಶುದ್ಧ ಹೊಟ್ಟೆಕಿಚ್ಚು. ಅದನ್ನು ಅವಳು ಮುಚ್ಚಿಡಲೂ ಇಲ್ಲ.

ಆಗ ಅವಳಿಗೆ ಐವತ್ತಾರು. ಮೂವತ್ತು ವರ್ಷ ಮೆಷಿನ್ ತುಳಿದ ಮಂಡಿಗಳು ಮೆಟ್ಟಿಲು ಕಂಡರೆ ಗೊಣಗುತ್ತಿದ್ದವು. ಮೂಳೆ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, "ಈ ವರ್ಷ ಏನ್ ಬೇಕಾದ್ರೂ ಮಾಡಿ. ಮುಂದಿನ ವರ್ಷದ ಮಾತು ನಾನ್ ಕೊಡಲ್ಲ," ಅಂದಿದ್ದರು. ದಂಡೆಗೆ ಒಳ್ಳೆಯ ಗಾಳಿ ಬೀಸುವುದು ವರ್ಷಕ್ಕೆ ನಾಲ್ಕೇ ತಿಂಗಳು. ಅದರಲ್ಲಿ ಉಳಿದದ್ದು ಮೂರು ವಾರ. ಆ ಮೂರು ವಾರದಲ್ಲಿ ಒಂದು ಸಲವಾದರೂ ನೀರಿನ ಮೇಲೆ ನಿಲ್ಲಬೇಕು, ಇಲ್ಲವಾದರೆ ಈ ಜನ್ಮಕ್ಕಿಲ್ಲ. ಹಾಗಂತ ಅವಳು ತೀರ್ಮಾನ ಮಾಡಿಬಿಟ್ಟಳು.

ಮೂವತ್ತೆರಡು ವರ್ಷ ಬಸ್ಸು ಓಡಿಸಿ ನಿವೃತ್ತನಾಗಿದ್ದ ಗಂಡ ಈ ಸುದ್ದಿ ಕೇಳಿ ಪೇಪರ್ ಕೆಳಗಿಟ್ಟ.

"ಮೆಟ್ಟಿಲು ಹತ್ತಕ್ಕಾಗಲ್ಲ, ಸಮುದ್ರ ಹತ್ತಕ್ಕೆ ಹೊರಟ್ಳು ಮಹರಾಯ್ತಿ."

"ಸಮುದ್ರದಲ್ಲಿ ಮೆಟ್ಟಿಲಿಲ್ಲ ಕಣ್ರೀ."

"ನಾನಂತೂ ನೋಡಕ್ಕೆ ಬರಲ್ಲ. ಆಸ್ಪತ್ರೆಗೆ ಬೇಕಾದ್ರೆ ಬರ್ತೀನಿ."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಆ ಸಂಸಾರ ಹಾಗಿತ್ತು. ಯಾರು ಕೋಣ ಎಂದು ಕೇಳಬಾರದು, ಇಬ್ಬರಿಗೂ ಸಿಟ್ಟು ಬರುತ್ತದೆ.

ದಂಡೆಯಲ್ಲಿ ಕೈಟ್ ಕಲಿಸುತ್ತಿದ್ದವಳು ಇಪ್ಪತ್ತೇಳರ ಹುಡುಗಿ. ಎಲ್ಲರೂ ಅವಳನ್ನು ಟೀಚರ್ ಅನ್ನುತ್ತಿದ್ದರು. ಬಿಸಿಲಿಗೆ ಕಾದ ಮುಖ, ಕೊರಳಲ್ಲಿ ಸೀಟಿ, ನಗು ಮಾತ್ರ ಅಳೆದು ಕೊಡುವ ಪೈಕಿ. ಜಿಪ್ಪಕ್ಕ ಅವಳ ಶೆಡ್ಡಿಗೆ ಬರಿಗೈಯಲ್ಲಿ ಹೋಗಲಿಲ್ಲ. ಗಿರಾಕಿಯೊಬ್ಬ ರಿಪೇರಿಗೆ ಕೊಟ್ಟವನು ನನಗೆ ಬೇಡ, ನೀವೇ ಇಟ್ಟುಕೊಳ್ಳಿ ಎಂದು ಬಿಟ್ಟುಹೋಗಿದ್ದ ಕೈಟನ್ನು ತಾನೇ ಹೊಲಿದು, ಬೆನ್ನಿಗೆ ಹಾಕಿಕೊಂಡು ಹೋದಳು.

"ಈಜು ಬರುತ್ತಾ ಅಕ್ಕ?" ಟೀಚರ್ ಮೊದಲು ಕೇಳಿದ್ದು ಅದನ್ನು.

"ಎರಡು ವರ್ಷದಿಂದ ಪುರಸಭೆ ಕೊಳದಲ್ಲಿ ದಿನಾ ಅರ್ಧ ಗಂಟೆ. ಮಂಡಿಗೆ ಒಳ್ಳೇದು ಅಂತ ಡಾಕ್ಟ್ರು ಹೇಳಿದ್ದು."

"ತೂಕ?"

"ಐವತ್ತೆರಡು. ಊಟ ಆದ್ಮೇಲೆ ಐವತ್ಮೂರು."

ಟೀಚರ್ ಕೈಟನ್ನು ಬಿಚ್ಚಿ ನೋಡಿದಳು. ಹೊಲಿಗೆಯ ಮೇಲೆ ಬೆರಳಾಡಿಸಿ ತಲೆದೂಗಿದಳು. ಆಮೇಲೆ ಮಡಿಸಿ ಪಕ್ಕಕ್ಕಿಟ್ಟಳು. "ಹೊಲಿಗೆಗೆ ನೂರಕ್ಕೆ ನೂರು. ಆದ್ರೆ ಇದು ಹನ್ನೆರಡು ಚದರ ಮೀಟರಿಂದು ಅಕ್ಕ. ಇವತ್ತಿನ ಗಾಳೀಲಿ ನಿಮ್ಮ ತೂಕಕ್ಕೆ ಏಳರದ್ದು ಸಾಕು."

"ಇರ್ಲಿ ಬಿಡೇ. ಒಂದಳತೆ ದೊಡ್ಡದಿದ್ರೆ ಒಳ್ಳೇದಲ್ವಾ? ಬೆಳೆಯೋ ಮಕ್ಕಳಿಗೆ ನಾನು ಯಾವತ್ತೂ ಒಂದಳತೆ ದೊಡ್ಡದೇ ಹೊಲಿಯೋದು."

"ಅಂಗಿ ದೊಡ್ಡದಾದ್ರೆ ಜನ ನಗ್ತಾರೆ. ಕೈಟ್ ದೊಡ್ಡದಾದ್ರೆ ನೀವು ಹೋಗಿ ಆ ಐಸ್ ಫ್ಯಾಕ್ಟರಿ ಗೋಡೆಗೆ ಬಡೀತೀರ."

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಊರಿಗೆಲ್ಲ ಹೇಳುವ ಜಿಪ್ಪಕ್ಕ ಏಳರದ್ದಕ್ಕೇ ಕೈ ಚಾಚಿದಳು. ಆದರೆ ಹಲಗೆಯ ಸರದಿ ಬಂದಾಗ ಟೀಚರ್ ಇದ್ದುದರಲ್ಲೇ ದೊಡ್ಡದನ್ನು ಎಳೆದು ಕೊಟ್ಟಳು. ಹೊಸಬರಿಗೆ ಕೈಟ್ ಚಿಕ್ಕದು, ಹಲಗೆ ದೊಡ್ಡದು. ಅಗಲ ಹಲಗೆ ನಿಧಾನವಾಗಿ ಹೋದರೂ ಮುಳುಗುವುದಿಲ್ಲ. ಹಳೆಯ ಕೈಟಿನ ಜೊತೆ ಬಂದಿದ್ದ ಬಾರ್ ಅಂತೂ ಶೆಡ್ಡಿನ ಮೂಲೆಗೆ ಹೋಯಿತು. ಆಪತ್ತು ಬಂದಾಗ ಒಂದೇ ಏಟಿಗೆ ಕಳಚಿಕೊಳ್ಳಬೇಕಾದ ಅದರ ಕೆಂಪು ಹಿಡಿಯೊಳಗೆ ಉಪ್ಪು ಕಟ್ಟಿ ಕಲ್ಲಾಗಿತ್ತು. ಬಟ್ಟೆ ಹಳೆಯದಾದರೆ ತೇಪೆ ಹಾಕಬಹುದು, ಇದಕ್ಕೆ ತೇಪೆಯಿಲ್ಲ ಅಂದಳು ಟೀಚರ್. ತಲೆಗೆ ಹೆಲ್ಮೆಟ್, ಮೈಗೆ ತೇಲುವ ಜಾಕೆಟ್, ಸೊಂಟಕ್ಕೆ ಕೈಟಿನ ಎಳೆತವನ್ನು ಹೊರುವ ಅಗಲ ಪಟ್ಟಿ. ಆ ಪಟ್ಟಿಯನ್ನು ಜಿಪ್ಪಕ್ಕ ತನ್ನ ಅಭ್ಯಾಸದಂತೆ ಎರಡು ಬೆರಳು ಸಡಿಲ ಬಿಟ್ಟು ಕಟ್ಟಿಕೊಂಡಳು. ಟೀಚರ್ ಮಂಡಿ ಒತ್ತಿ ಬಿಗಿದಳು.

"ಉಸಿರಾಡ್ಬೇಕು ಕಣೇ ನಾನು!"

"ಆಡಿ. ಸಡಿಲ ಇದ್ರೆ ಅದು ಎಳೆತಕ್ಕೆ ಪಕ್ಕೆಲುಬಿಗೆ ಹತ್ತುತ್ತೆ, ಆಗ ಆಡಕ್ಕಾಗಲ್ಲ."

ನೆಲದಿಂದ ಸಮುದ್ರಕ್ಕೆ ಬೀಸುವ ಗಾಳಿಯಲ್ಲಿ ಇಳಿಯಲೇಬಾರದು, ಅದು ವಾಪಸ್ ತಂದು ಬಿಡುವುದಿಲ್ಲ. ನೇರ ದಂಡೆಗೆ ಬೀಸಿದರೆ ದಂಡೆಗೇ ಅಪ್ಪಳಿಸುತ್ತದೆ. ಸಮುದ್ರದಿಂದ ಓರೆಯಾಗಿ ಬರುವ ಗಾಳಿಯೇ ಕಲಿಯುವವರ ಗಾಳಿ. ಗಾಳಿ ಹೋಗುವ ದಿಕ್ಕಿನಲ್ಲಿ ಜನ, ಕಲ್ಲು, ಕಂಬ ಇರಬಾರದು. ಒಬ್ಬರೇ ಇಳಿಯಬಾರದು. ಇದನ್ನೆಲ್ಲ ಜಿಪ್ಪಕ್ಕ ಅಳತೆ ಬರೆದುಕೊಳ್ಳುವಷ್ಟು ಸಲೀಸಾಗಿ ಕಲಿತಳು. ಎರಡನೇ ದಿನಕ್ಕೆ ದಾರಗಳನ್ನು ಟೀಚರಿಗಿಂತ ಚೆನ್ನಾಗಿ ಬಿಡಿಸಿ ಹಾಸಿದಳು. ದಾರದ ಸಿಕ್ಕು ಅವಳಿಗೆ ಯಾವ ಲೆಕ್ಕ!

ಎಡವಟ್ಟಾದದ್ದು ಮೂರನೇ ದಿನ. ಮರಳಿನ ಮೇಲೆ ಮೂರು ಚದರ ಮೀಟರಿನ ಮರಿ ಕೈಟ್ ಹಾರಿಸಿ ಟೀಚರ್ ಅಂದಳು, "ಈಗ ಒಂದೇ ಪರೀಕ್ಷೆ. ನಾನು ಯಾವಾಗ ಬೇಕಾದ್ರೂ 'ಬಿಡಿ' ಅಂತೀನಿ. ಅಂದ ತಕ್ಷಣ ಬಾರ್ ಬಿಟ್ಟುಬಿಡ್ಬೇಕು. ಬಿಟ್ರೆ ಕೈಟ್ ಸತ್ತುಬೀಳುತ್ತೆ, ಮಣಿಕಟ್ಟಿನ ಪಟ್ಟಿ ಅದನ್ನ ಹಿಡ್ಕೊಂಡಿರುತ್ತೆ. ಸತತ ಮೂರು ಸಲ ಬಿಟ್ರೆ ನೀರು. ಇಲ್ದಿದ್ರೆ ಇಲ್ಲ."

ಇದೇನು ಮಹಾ ಅಂದುಕೊಂಡಳು ಜಿಪ್ಪಕ್ಕ. ಕೈಟ್ ಎಳೆಯಿತು. "ಬಿಡಿ!" ಅಂತ ಕೂಗು ಬಂತು. ಜಿಪ್ಪಕ್ಕನ ಕೈ ಇನ್ನೂ ಗಟ್ಟಿಯಾಗಿ ಹಿಡಿಯಿತು.

ಎರಡನೇ ಸಲವೂ ಅದೇ. ಐದನೇ ಸಲವೂ ಅದೇ. ಹೊಲಿಗೆಯವಳ ಕೈ ಅದು. ಮೆಷಿನ್ನಿನ ಕೆಳಗೆ ಬಟ್ಟೆ ಜಾರಿದರೆ ಹಿಡಿಯಬೇಕು, ಎಳೆದರೆ ಬಿಗಿ ಹಿಡಿಯಬೇಕು, ಬಿಟ್ಟರೆ ಹೊಲಿಗೆ ಸೊಟ್ಟ. ಅವಸರದಲ್ಲಿ ನಿಲ್ಲಿಸಬೇಕೆಂದರೆ ಅವಳು ಬಿಡುತ್ತಿದ್ದದ್ದು ಕಾಲನ್ನು, ತುಳಿಹಲಗೆಯಿಂದ. ಮರಳಿನ ಮೇಲೂ ಅವಳು ಮಾಡಿದ್ದು ಅದನ್ನೇ. "ಬಿಡಿ" ಅಂದಾಗಲೆಲ್ಲ ಅವಳ ಬಲಗಾಲು ಟಕ್ಕನೆ ಮೇಲೇಳುತ್ತಿತ್ತು, ಕೈ ಮಾತ್ರ ಬಾರಿಗೆ ಅಂಟಿಕೊಂಡಿರುತ್ತಿತ್ತು. ಒಂಟಿಗಾಲಲ್ಲಿ ನಿಂತವಳನ್ನು ಗಾಳಿ ಸುಮ್ಮನೆ ಬಿಡುತ್ತದೆಯೇ? ಆರನೇ ಸಲ ಬಕ್ಕಬೋರಲು ಬಿದ್ದಳು. ಮರಳಿನ ಮೇಲೆ ಹತ್ತು ಹೆಜ್ಜೆ ದೂರ ದರದರ ಎಳೆದುಕೊಂಡು ಹೋಯಿತು. ಗದ್ದ ತರಚಿತು.

"ಈ ಬಾರೇ ಸರಿಯಿಲ್ಲ," ಅಂದಳು ಬಾಯಿಂದ ಮರಳು ಉಗುಳುತ್ತ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಟೀಚರ್ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಗದರಲಿಲ್ಲ. "ಅಕ್ಕ, ನಿಮ್ಮ ಕೈ ಬಿಡೋ ತನಕ ನಾನು ನಿಮ್ಮನ್ನ ನೀರಿಗೆ ಬಿಡಲ್ಲ. ಇನ್ನು ಎರಡು ವಾರ ಇದೆ. ಆಮೇಲೆ ಗಾಳಿ ಇಲ್ಲ."

ಆ ಸಂಜೆ ಜಿಪ್ಪಕ್ಕ ಅಂಗಡಿಯಲ್ಲಿ ಮೆಷಿನ್ ಮುಂದೆ ಕೂತು ಅತ್ತಳು. ಗದ್ದದ ಉರಿಗಲ್ಲ. ಮೂವತ್ತು ವರ್ಷ ತನಗೆ ಅನ್ನ ಹಾಕಿದ ಕೈಯೇ ತನಗೆ ಅಡ್ಡ ನಿಂತಿತಲ್ಲ ಎಂದು. ಟೀ ತಂದ ಗಂಡ ಅದನ್ನು ನೋಡಿದ. "ನಾನು ಅವತ್ತೇ ಹೇಳಿದ್ದೆ" ಅನ್ನಲು ಅದಕ್ಕಿಂತ ಒಳ್ಳೆಯ ಸಮಯ ಇನ್ನೊಂದಿರಲಿಲ್ಲ. ಅವನು ಅನ್ನಲಿಲ್ಲ. ಏನಾಯಿತೆಂದು ಕೇಳಿಸಿಕೊಂಡು ಸ್ಟೂಲ್ ಎಳೆದು ಕೂತ.

"ಹೊಸ ಡ್ರೈವರುಗಳಿಗೆ ನಾನು ಕಲಿಸ್ತಿದ್ನಲ್ಲ, ಅವರದ್ದೂ ಇದೇ ಕತೆ. ಗಾಬರಿ ಆದ್ರೆ ಬ್ರೇಕಿಗೆ ಹೋಗ್ಬೇಕಾದ ಕಾಲು ಆಕ್ಸಿಲರೇಟರನ್ನೇ ಇನ್ನೂ ಒತ್ತುತ್ತೆ. ತಲೆಗೆ ಎಷ್ಟು ಹೇಳಿದ್ರೂ ದಂಡ. ಕಾಲಿಗೇ ಹೇಳ್ಬೇಕು. ಇನ್ನೂರು ಸಲ ಹೇಳ್ಬೇಕು."

"ನೀವ್ಯಾಕೆ ಹೇಳ್ತೀರಿ? ನಿಮಗೆ ಬೇಡ ಇತ್ತಲ್ಲ."

"ಬೇಡ ಅಂದ್ರೆ ಕೇಳ್ತೀಯಾ? ನೀನು ಹೋಗೇ ಹೋಗ್ತೀಯ. ಬಿಡಕ್ಕೆ ಬರ್ದೆ ಹೋಗ್ಬೇಡ, ಅಷ್ಟೇ," ಅಂದ. ಆಮೇಲೆ ಟೀ ಆರಿತು ಎಂದು ಬೈದ.

ಮರುದಿನದಿಂದ ಮನೆ ತರಬೇತಿ ಕೇಂದ್ರವಾಯಿತು. ಪೊರಕೆಯ ಕೋಲಿಗೆ ಹಗ್ಗ ಕಟ್ಟಿ, ಹಗ್ಗವನ್ನು ಕಿಟಕಿ ಸರಳಿನ ಹಿಂದಿನಿಂದ ತಂದು ಗಂಡ ಎಳೆಯುವುದು, ಹೆಂಡತಿ ಕೋಲು ಹಿಡಿದು ಹಿಂದಕ್ಕೆ ಒರಗುವುದು. "ಬಿಡು!" ಮೊದಲ ದಿನ ಅವಳ ಕಾಲೇ ಎದ್ದಿತು. ಗಂಡ ಅವಳ ಎರಡೂ ಪಾದಗಳ ಮೇಲೆ ಅಕ್ಕಿಚೀಲ ಇಟ್ಟ. ಕಾಲಿಗೆ ದಾರಿಯಿಲ್ಲದಾಗ ಕೈ ತಬ್ಬಿಬ್ಬಾಗಿ ಕೊನೆಗೊಮ್ಮೆ ಬಿಚ್ಚಿಕೊಂಡಿತು. ಅಲ್ಲಿಂದ ಡ್ರೈವರ್ ಸಾಹೇಬರಿಗೆ ಹುಮ್ಮಸ್ಸು ಬಂತು. ಹಗ್ಗ ಇರಲಿ ಬಿಡಲಿ, ಹೊತ್ತಿಲ್ಲ ಗೊತ್ತಿಲ್ಲ, "ಬಿಡು!" ಅವಳು ಸೌಟು ಬಿಟ್ಟಳು. ತೊಳೆದ ತಟ್ಟೆ ಬಿಟ್ಟಳು, ಪುಣ್ಯಕ್ಕೆ ಅದು ಸ್ಟೀಲಿನದು. ಅಂಗಡಿಯಲ್ಲಿ ಒಬ್ಬರ ಸೊಂಟದಳತೆ ತೆಗೆಯುತ್ತಿದ್ದಾಗ ಹಿಂದಿನಿಂದ ಕೂಗು ಬಂತು, ಟೇಪು ನೆಲಕ್ಕೆ ಬಿತ್ತು, ಗಿರಾಕಿ ಎರಡೂ ಕೈ ಮೇಲೆತ್ತಿ ನಿಂತರು. ಗುಂಡಿಯ ಡಬ್ಬಿ ಬಿದ್ದ ದಿನ ಗಂಡ ಹೆಂಡತಿ ಇಬ್ಬರೂ ಮಂಡಿಯೂರಿ, ನಾನೂರು ಗುಂಡಿ ಹೆಕ್ಕುತ್ತ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಮನೆ ತರಬೇತಿಯ ಹತ್ತನೇ ದಿನ ಅವಳು ಮರಳಿನ ಮೇಲೆ ಮೂರಕ್ಕೆ ಮೂರು ಸಲ ಬಿಟ್ಟಳು. ಟೀಚರ್ ನಂಬದೆ ನಾಲ್ಕನೆಯ ಸಲವೂ ಕೂಗಿದಳು. ಆಗಲೂ ಕೈ ಬಿಟ್ಟಿತು. ಮುಂದಿನ ಎರಡು ದಿನ ಹಲಗೆಯಿಲ್ಲದೆ, ಸೊಂಟದ ಮಟ್ಟದ ನೀರಿನಲ್ಲಿ, ಏಳು ಚದರ ಮೀಟರಿನ ಕೈಟ್ ಎಳೆದತ್ತ ಮೈಚೆಲ್ಲಿ ತೇಲುವುದು, ಕೆಂಪು ಹಿಡಿ ತಳ್ಳಿ ಕೈಟ್ ಬೀಳಿಸುವುದು, ಮತ್ತೆ ಜೋಡಿಸುವುದು. ಮೂಗಿಗೆ, ಕಿವಿಗೆ, ಬಾಯಿಗೆ ಉಪ್ಪುನೀರು. ಜಿಪ್ಪಕ್ಕನಿಗೆ ಖುಷಿಯೋ ಖುಷಿ.

ಹಲಗೆ ಸಿಕ್ಕಿದ್ದು ಗಾಳಿಯ ಕೊನೆಯ ವಾರದಲ್ಲಿ. ಗಂಡ ತಾನು ಹೇಳಿದ ಮಾತಿಗೆ ತಪ್ಪಬಾರದೆಂದು ದಂಡೆಗೆ ಬರಲಿಲ್ಲ. ಶೆಡ್ಡಿನ ಹಿಂದೆ ನಿಂತು ಇಣುಕುತ್ತಿದ್ದ, ಅಷ್ಟೇ. ಮೊದಲ ನಾಲ್ಕು ಪ್ರಯತ್ನದಲ್ಲಿ ಹಲಗೆ ಒಂದು ಕಡೆ, ಅವಳು ಒಂದು ಕಡೆ. ಐದನೆಯದರಲ್ಲಿ ಮೈ ಅರ್ಧ ಎದ್ದಿತು. ಅಷ್ಟರಲ್ಲಿ ಗಾಳಿ ಒಮ್ಮೆಲೇ ಜೋರಾಗಿ ನುಗ್ಗಿತು. ಕೈಟ್ ಸರ್ರನೆ ಪಕ್ಕಕ್ಕೆ ಹೊರಳಿ ಅವಳನ್ನು ನೀರಿನಿಂದ ಕಿತ್ತೆತ್ತಿತು. ಟೀಚರ್ ಹತ್ತು ಮಾರು ದೂರದಲ್ಲಿದ್ದಳು, ಸೀಟಿ ಬಾಯಿಗೆ ಹೋಗುವಷ್ಟೂ ಹೊತ್ತಿರಲಿಲ್ಲ. ಯಾರೂ "ಬಿಡು" ಅನ್ನಲಿಲ್ಲ. ಜಿಪ್ಪಕ್ಕನ ಹತ್ತೂ ಬೆರಳು ತಾವಾಗಿಯೇ ಬಿಚ್ಚಿಕೊಂಡವು. ಕೈಟ್ ಶಕ್ತಿ ಕಳೆದುಕೊಂಡು ನೀರಿನ ಮೇಲೆ ಮಲಗಿತು, ಅವಳು ಸೊಂಟದ ಮಟ್ಟದ ನೀರಿನಲ್ಲಿ ಬುಳುಂಕನೆ ಕೂತಳು. ಎದ್ದು ಕೆಮ್ಮಿದಳು. ತನ್ನ ಖಾಲಿ ಅಂಗೈಗಳನ್ನು ಮುಖದ ಮುಂದೆ ಹಿಡಿದು ನೋಡಿದಳು. ಭಯ ಹೋದದ್ದು ಆಗಲೇ.

"ಸಾಕಾ ಅಕ್ಕ?" ಟೀಚರ್ ಓಡಿ ಬಂದಳು.

"ಏನೇ ಸಾಕು? ಹಲಗೆ ಎಲ್ಲಿ?"

ಮುಂದಿನ ಸಲ ಅವಳು ಎದ್ದಳು. ಸವೆದ ಮಂಡಿಗಳು ಬಾಗಿದವು, ಹಲಗೆ ನೀರನ್ನು ಸೀಳಿತು, ಅವಳು ನಿಂತಿದ್ದಳು. ಟೀಚರ್ ಜೋರಾಗಿ ಎಣಿಸುತ್ತಿದ್ದಳು, ಒಂಬತ್ತರವರೆಗೆ. ಒಂಬತ್ತು ಎಣಿಕೆಯ ಹೊತ್ತು ಜಿಪ್ಪಕ್ಕ ನೀರಿನ ಮೇಲೆ ಹೋದಳು, ಬಾಯಿ ತೆರೆದು ಏನೇನೋ ಕೂಗುತ್ತ. ಆಮೇಲೆ ಹಲಗೆ ಮುಗ್ಗರಿಸಿತು. ಅವಳು ಬಿಟ್ಟಳು, ಬಿದ್ದಳು, ನಕ್ಕಳು. ಹನ್ನೆರಡು ವರ್ಷ ತನ್ನ ಮೇಜಿನ ಮುಂದೆ ಹಲ್ಲು ಕಿರಿದವರ ಮೇಲಿದ್ದ ಹೊಟ್ಟೆಕಿಚ್ಚು ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ.

ದಂಡೆ ಕಡೆ ತಿರುಗಿದಾಗ ಗಂಡ ಕಂಡ. ಶೆಡ್ಡಿನ ಹಿಂದೆ ಅಲ್ಲ. ಇಸ್ತ್ರಿ ಪ್ಯಾಂಟು, ಕಾಲಲ್ಲಿ ಶೂ, ಸಮುದ್ರದೊಳಗೆ ತೊಡೆಯ ಮಟ್ಟದ ನೀರಿನಲ್ಲಿ ನಿಂತಿದ್ದ. ಎರಡೂ ಕೈ ಮುಂದೆ ಚಾಚಿಕೊಂಡಿದ್ದ.

"ಅಯ್ಯೋ, ಶೂ ಹಾಕ್ಕೊಂಡೇ ಬಂದ್ರಲ್ರೀ!"

ಅವನು ಕೆಳಗೆ ನೋಡಿಕೊಂಡ. ಯಾವಾಗ ಇಳಿದೆನೆಂದು ಅವನಿಗೇ ಗೊತ್ತಿರಲಿಲ್ಲ. ಚಾಚಿದ್ದ ಕೈಗಳನ್ನು ಇಳಿಸಿದ. ಒಂದು ಅಲೆ ಬಂದು ಅವನ ಸೊಂಟ ತೋಯಿಸಿ ಹೋಯಿತು, ಅವನು ಕದಲಲಿಲ್ಲ.

"ಅದು ಹಾಳಾಗ್ಲಿ," ಅಂದ, "ಗಾಳಿ ಇನ್ನೂ ಇದೆ. ಇನ್ನೊಂದ್ಸಲ ಹೋಗು. ನಾನು ಇಲ್ಲೇ ಇರ್ತೀನಿ."