ಬಾಬುವಿನ ಹೊರಗಿನ ಹೆಸರು

ಅಂದು ಮಳೆ ಬರುತ್ತಿತ್ತು ಎಂದು ಬರೆದು ಹೊಡೆದುಹಾಕಿದೆ. ಮಳೆ ಇರಲಿಲ್ಲ, ಎಲ್ಲ ನೆನಪಿಗೂ ಒಂದಿಷ್ಟು ಮಳೆ ಚಿಮುಕಿಸುವುದು ನನ್ನ ಚಟ. ಇದ್ದದ್ದು ನಮ್ಮ ಚನ್ನಪಟ್ಟಣದಲ್ಲಿ ಬೊಂಬೆಗೆ ಬಳಿಯುವ ಅರಗಿನ ವಾಸನೆ, ಮತ್ತು ಪಕ್ಕದ ಮನೆಯಲ್ಲಿ ಬೊಂಬೆ ಮಾಡುವ ಭಾಯಿಯ ಗಾಬರಿ.

ಬೆಂಗಳೂರಿನ ಅಂಗಡಿಯೊಂದು ಅವನಿಗೆ ಬುಗುರಿಯ ದೊಡ್ಡ ಆರ್ಡರ್ ಕೊಟ್ಟಿತ್ತು. ಸಂಜೆಯೊಳಗೆ ಅವರ ವೆಬ್‌ಸೈಟಿಗೆ ಹೋಗಿ ಒಪ್ಪಿಕೊಳ್ಳಬೇಕು. ಇಲ್ಲದಿದ್ದರೆ ಅದು ಬೇರೆಯವರ ಪಾಲು. ಆ ವೆಬ್‌ಸೈಟೋ, ತನಗೆ ಗೊತ್ತಿರುವ ಇಂಟರ್‌ನೆಟ್ ಅಡ್ರೆಸ್‌ನಿಂದ ಬಂದವರನ್ನು ಮಾತ್ರ ಒಳಗೆ ಬಿಡುತ್ತದೆ. ಅಡ್ರೆಸ್ ಕಳಿಸಿ ಎಂದಿದ್ದರು. ಭಾಯಿ ಮನೆ ನಂಬರು, ಬೀದಿ ಎಲ್ಲ ಬರೆದು, ಕೊನೆಗೆ 'ಮಸೀದಿ ಹಿಂದೆ' ಎಂದೂ ಸೇರಿಸಿ ಕಳಿಸಿದ್ದ.

"ಪಿನ್‌ಕೋಡೂ ಹಾಕಿವ್ನಿ ಸಾರ್. ಇನ್ನೂ ಅಡ್ರೆಸ್ ಕೇಳ್ತಾವ್ರೆ. ನೀವು ಓದಿರೋರು, ಒಸಿ ನೋಡಿ."

ಪುಸ್ತಕ ಬರೆಯುವವನಿಗೆ ಎಲ್ಲವೂ ಗೊತ್ತಿರುತ್ತದೆ ಎಂಬ ನಂಬಿಕೆಯನ್ನು ನಾನು ಎಂದೂ ಕೆಡಿಸಿದವನಲ್ಲ. ಅವನ ಕಂಪ್ಯೂಟರಿನ ಸೆಟ್ಟಿಂಗ್ಸ್ ತೆರೆದು, 192.168 ಎಂದು ಶುರುವಾಗುವ ನಂಬರನ್ನು ಗಂಭೀರವಾಗಿ ಓದಿದೆ. ಭಾಯಿ ಅಂಗಡಿಯವರಿಗೆ ಫೋನಿನಲ್ಲಿ ಹೇಳಿದ. ಆ ಕಡೆಯ ಹೆಂಗಸು ನಕ್ಕಳು.

"ಅದು ನಿಮ್ಮ ರೌಟರ್ ಮನೆಯೊಳಗೆ ಇಟ್ಕೊಂಡಿರೋ ನಂಬರ್. ನಮ್ಮಲ್ಲೂ ಅಂಥದ್ದೇ ಇದೆ. ಹೊರಗಿನವರಿಗೆ ಕಾಣೋ ನಂಬರ್ ಕೊಡಿ."

"ಮನೇಲಿ ಬಾಬು ಅಂತ ಕರೆಯೋದಿಲ್ವಾ, ಹಂಗೆ ಭಾಯ್," ಎಂದು ನಾನು ಆಗಷ್ಟೇ ಅರ್ಥವಾದದ್ದನ್ನು ಮೊದಲೇ ಗೊತ್ತಿದ್ದವನಂತೆ ವಿವರಿಸಿದೆ. ನಮ್ಮ ಬೀದಿಯಲ್ಲಿ ನಿಂತು ಬಾಬೂ ಎಂದು ಕೂಗಿದರೆ ಮನೆಗೊಬ್ಬ ಓಗೊಡುತ್ತಾನೆ. ಕೆಲವು ಬಾಬುಗಳಿಗೆ ಮೊಮ್ಮಕ್ಕಳಿದ್ದಾರೆ.

ಹೊರಗಿನ ಹೆಸರನ್ನು ಹೊರಗಿನವರನ್ನೇ ಕೇಳಬೇಕು. 'ನನ್ನ ಐಪಿ ಅಡ್ರೆಸ್ ಯಾವುದು' ಎಂದು ಹುಡುಕಿದೆ. ಯಾವುದೋ ಪುಟ ಒಂದು ಹೊಸ ನಂಬರು ತೋರಿಸಿತು. ಕೆಳಗೆ ಊರು: ಚೆನ್ನೈ.

"ಅರೇ, ಚನ್ನಪಟ್ಣ ಅಂತ ಬರೆಯೋಕೆ ಹೋಗಿ ಅರ್ಧಕ್ಕೇ ಬುಟ್ಬುಟ್ಟವ್ನಲ್ಲ ಸಾರ್!"

ನಂಬರು ಸರಿ, ಊರು ಆ ಪುಟದ ಊಹೆ ಎಂದೆ. ನನ್ನ ಬರವಣಿಗೆಯೂ ಹಾಗೇ ಎಂದು ಹೇಳಲಿಲ್ಲ. ಭಾಯಿ ನಂಬರು ಕಳಿಸಿದ. ವೆಬ್‌ಸೈಟಿನ ಬಾಗಿಲು ತೆರೆಯಿತು ಎನ್ನುವಷ್ಟರಲ್ಲಿ ಕರೆಂಟ್ ಹೋಯಿತು. ಮತ್ತೆ ಬಂದಾಗ ವೆಬ್‌ಸೈಟು ನಮ್ಮನ್ನು ಗುರುತಿಸಲೇ ಇಲ್ಲ. ಹುಡುಕಿ ನೋಡಿದರೆ ನಂಬರಿನ ಬಾಲವೇ ಬೇರೆ. ರೌಟರ್ ಒಮ್ಮೆ ಕಣ್ಣು ಮುಚ್ಚಿ ತೆರೆದು ಹೊಸ ಹೆಸರಿಟ್ಟುಕೊಂಡಿತ್ತು. ಕಿಟಕಿಯಾಚೆ ಬಿಸಿಲು ಇಳಿಯುತ್ತಿತ್ತು. ಇದು ಮಾತ್ರ ನಿಜ. ಭಾಯಿ ಮತ್ತೆ ಮತ್ತೆ ಅತ್ತಲೇ ನೋಡುತ್ತಿದ್ದ.

"ಮತ್ತೆ ಬದಲಾಯ್ತಾ? ಎಷ್ಟು ಸಲ ಮನೆ ಬದಲಾಯಿಸ್ತೀರಾ?" ಎಂದಳು ಫೋನಿನ ಹೆಂಗಸು.

"ತಾತನ ಕಾಲದಿಂದ್ಲೂ ಇದೇ ಮನೆ ಕಣಮ್ಮಾ. ಕರೆಂಟ್ ಹೋದಾಗ ಮಾತ್ರ ಒಸಿ ಚೆನ್ನೈ ಕಡೆ ಹೋಗ್ಬತ್ತೀವಿ."

ಅವಳು ಹೊಸ ನಂಬರು ಸೇರಿಸಿದಳು. ಪುಟ ತೆರೆಯಿತು. ಭಾಯಿ ಒಪ್ಪಿಗೆಯ ಗುಂಡಿ ಒತ್ತಿದ. ಆರ್ಡರ್ ಅವನದಾಯಿತು. ತಕ್ಷಣ ಇನ್ನೊಂದು ಪ್ರಶ್ನೆ ಮೂಡಿತು: ಬುಗುರಿ ತೆಗೆದುಕೊಂಡು ಹೋಗಲು ಗಾಡಿ ಬರಬೇಕಾದ ಅಡ್ರೆಸ್?

ಭಾಯಿ ಕೈ ಹಿಂದೆಳೆದುಕೊಂಡು ನನ್ನನ್ನೇ ನೋಡಿದ. "ಈಗ ಯಾವ್ದು ಬರೀಲಿ ಸಾರ್? ಬಾಬುದಾ, ಚೆನ್ನೈದಾ?"

"ಮಸೀದಿ ಹಿಂದೆ," ಎಂದೆ.